ಮೂರು ತಟ್ಟಿದರೆ ಮೂರು ತಟ್ಟಬೇಕು

ನಾಲ್ಕು ಸಲ. ಅದಕ್ಕಿಂತ ಒಂದು ಸಲವೂ ಹೆಚ್ಚು ಹಾಡಿಸುವ ಹಾಗಿಲ್ಲ ಎಂದು ಯಜಮಾನರು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದರು. ಅವರ ಹಿಂದೆ ಅವರ ಹೆಂಡತಿ, ಕುತ್ತಿಗೆಗೆ ಸೆರಗು ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕನ್ನು ಎದೆಗೊತ್ತಿ ಹಿಡಿದು ನಿಂತಿದ್ದರು. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂಗಾರಪೇಟೆಯ ನನ್ನ ರೆಕಾರ್ಡಿಂಗ್ ಕೋಣೆಗೆ ಬಂದಿದ್ದರು. ಬೆಳಗಿನ ಹತ್ತು ಗಂಟೆ.

"ಡಾಕ್ಟ್ರು ಏಳವ್ರೆ ಕಣಮ್ಮಾ, ಗಂಟ್ಲು ಜಾಸ್ತಿ ಎಳುದ್ರೆ ಊತ ಬತ್ತೈತೆ ಅಂತ. ನಾಕು ದಪ ಆಡ್ತಾಳೆ. ಆಮೇಲೆ ನೀನು ಕೇಳಂಗಿಲ್ಲ, ಅವಳು ಆಡಂಗಿಲ್ಲ."

ವಿಷಯ ಇಷ್ಟು. ಆ ಅಮ್ಮನ ಗಂಟಲಲ್ಲಿ ಗಡ್ಡೆ. ಮುಂದಿನ ವಾರ ಆಪರೇಷನ್. ಗಡ್ಡೆ ಧ್ವನಿಯ ನರಕ್ಕೆ ಅಂಟಿಕೊಂಡಿದೆ, ತೆಗೆದ ಮೇಲೆ ಮಾತು ಎಷ್ಟು ಉಳಿಯುತ್ತದೋ ಹೇಳಲಾಗದು, ಹಾಡಿನ ಆಸೆಯಂತೂ ಬಿಟ್ಟುಬಿಡಿ ಎಂದಿದ್ದರಂತೆ ಡಾಕ್ಟರು. ಆಪರೇಷನ್ ಆದ ಮೂರು ವಾರಕ್ಕೆ ಕಿರಿಯ ಮಗಳ ಮದುವೆ. ಎರಡರಲ್ಲಿ ಯಾವುದನ್ನೂ ಮುಂದಕ್ಕೆ ಹಾಕುವಂತಿರಲಿಲ್ಲ.

ಅವರ ಕಡೆ ಮದುವೆಯ ಹೆಣ್ಣು ತಾನಾಗಿ ಹಸೆಗೆ ಬರುವುದಿಲ್ಲ. ಅಂಗಳದಲ್ಲಿ ಹಸೆ ಬರೆದು, ಮಣೆ ಹಾಕಿದ ಮೇಲೆ ಹೆತ್ತವಳು ಸೋಬಾನೆ ಹೇಳಿ ಕರೆಯಬೇಕು. ಕರೆಯುವವರೆಗೂ ಹೆಣ್ಣು ಒಳಮನೆಯಲ್ಲೇ ಕೂತಿರುತ್ತಾಳೆ. ಈ ಅಮ್ಮ ತಾಯಿ ಇಲ್ಲದ ಹೆಣ್ಣುಮಕ್ಕಳಿಗೆ, ಹಾಡು ಬಾರದ ತಾಯಂದಿರ ಪರವಾಗಿ, ಊರಲ್ಲೂ ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್‌ಮನೆಗಳಲ್ಲೂ ನಲವತ್ತು ವರ್ಷ ಕರೆದವರು. ಬೇರೆ ಯಾರಾದರೂ ಹೇಳಬಹುದಲ್ಲವೇ ಎಂದು ನಾನು ಕೇಳಿದ್ದೇ ತಡ, ಅಲ್ಲಿಯವರೆಗೆ ಬಾಯಿ ಬಿಡದ ಅಮ್ಮ ತಿರುಗಿಬಿದ್ದರು.

"ಊರೋರ ಮಕ್ಳನ್ನೆಲ್ಲಾ ನಾನು ಕರುದಿವ್ನಿ. ನನ್ ಮಗ್ಳುನ್ನ ಇನ್ನೊಬ್ರು ಕರೀಬೇಕಾ?"

ಮಗಳು ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ಮದುವೆಯ ದಿನ ಕೇಳಿಸಲೆಂದು ಮಾಡಿಸುವ ಈ ರೆಕಾರ್ಡಿಂಗ್ ವಿಷಯ ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಗಂಟಲು ಕೆಡಿಸಿಕೊಳ್ಳಬೇಡ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ ಎಂಬ ಭಯ. ಆಸ್ಪತ್ರೆಯ ರಕ್ತಪರೀಕ್ಷೆಗೆಂದು ಸುಳ್ಳು ಹೇಳಿ ಗಂಡ ಹೆಂಡತಿ ಮನೆ ಬಿಟ್ಟಿದ್ದರು.

ನನ್ನ ಕೋಣೆ ಮೊದಲು ರಾಗಿ ಮಿಷನ್ ಇದ್ದ ಕಟ್ಟಡ. ಮಳೆ ಬಂದ ದಿನ ಈಗಲೂ ಗೋಡೆಯಿಂದ ಹಿಟ್ಟಿನ ವಾಸನೆ ಬರುತ್ತದೆ. ಹಿಂಬದಿಗೆ ರೈಲು ಹಳಿ. ಗೋಡೆಗೆ ಎಷ್ಟು ಮೆತ್ತೆ ಬಡಿದರೂ ರೈಲಿನ ಅದುರು ನೆಲದ ಮೂಲಕ ಮೈಕಿಗೆ ಹತ್ತುತ್ತದೆ. ಹಾಗಾಗಿ ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ರೆಕಾರ್ಡ್ ಮಾಡುವುದು ನನ್ನ ಪದ್ಧತಿ. ರೈಲಿನ ವೇಳೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣಿಗೆ ಬೀಳುವ ಹಾಗೆ ಮಿಕ್ಸರಿನ ಮೇಲೇ ಅಂಟಿಸಿದ್ದೆ. ನನ್ನ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಆ ಚೀಟಿಯ ಕಥೆ ಮುಂದೆ ಬರುತ್ತದೆ.

ಹಾಡುವವರ ಕೋಣೆಯಲ್ಲಿ ಒಂದು ಮೈಕು, ಒಂದು ಮರದ ಸ್ಟೂಲು. ನಡುವೆ ಎರಡು ಪದರದ ದಪ್ಪ ಗಾಜು. ಈ ಕಡೆ ನಾನು, ನನ್ನ ಮಿಕ್ಸರು, ಹಿಂದೊಂದು ಬೆಂಚು. ಒಳಗಿನವರ ದನಿ ಮೈಕಿನ ಮೂಲಕ ನನಗೆ ಬರುತ್ತದೆ. ನನ್ನ ಮಾತು ಅವರಿಗೆ ಹೋಗಬೇಕಾದರೆ ಮಿಕ್ಸರಿನ ಮೂಲೆಯ ಟಾಕ್‌ಬ್ಯಾಕ್ ಗುಂಡಿಯನ್ನು ಒತ್ತಿ ಹಿಡಿದು, ಅದರ ಪಕ್ಕದ ಪುಟ್ಟ ಮೈಕಿಗೆ ಮಾತಾಡಬೇಕು. ಅದು ಅವರ ಹೆಡ್‌ಫೋನಿಗೆ ಮಾತ್ರ ಹೋಗುತ್ತದೆ, ರೆಕಾರ್ಡಿಂಗಿಗೆ ಸೇರುವುದಿಲ್ಲ. ಗುಂಡಿ ಬಿಟ್ಟರೆ ನಾನು ಮೂಕಿ. ಅದು ನನಗೆ ಒಗ್ಗಿದ ಜಾಗ. ಶಾಲೆಯ ಪ್ರಾರ್ಥನೆಯಲ್ಲೂ ಬಾಯಿ ಮಾತ್ರ ಆಡಿಸುತ್ತಿದ್ದವಳು ನಾನು.

ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ತೆರೆದೇ ಇಟ್ಟು, ಎರಡು ಸಾಲು ಹೇಳಿ ಎಂದು ಕೂಗಿ ಹೇಳಿದೆ. ಅವರ ಮೈಕಿನ ಮಟ್ಟವೊಂದನ್ನೇ ಮೀಟರಿನಲ್ಲಿ ತೋರಿಸುವ ಗುಂಡಿ ಒತ್ತಿಕೊಂಡೆ. ಅಡುಗೆಮನೆಯಲ್ಲಿ ಗುನುಗುವಷ್ಟು ದನಿಯಲ್ಲಿ ಹೇಳಿದರು. ಮೀಟರಿನ ಹಸಿರು ದೀಪಗಳು ಅರ್ಧಕ್ಕೇ ನಿಂತವು. ಹಳದಿ ಮುಟ್ಟುವವರೆಗೆ ಮೈಕಿನ ಗೇನ್, ಅಂದರೆ ಅದು ದನಿ ಎಳೆದುಕೊಳ್ಳುವ ಮಟ್ಟ, ಏರಿಸಿ, ಗುಂಡಿ ಬಿಟ್ಟೆ. ಹಾಡುವಾಗಿನ ಪೂರ್ತಿ ದನಿಯಲ್ಲಿ ಒಮ್ಮೆ ಹೇಳಿಸಬೇಕಿತ್ತು. ಗಂಟಲು ಉಳಿಯಲಿ ಎಂದು ಹೇಳಿಸಲಿಲ್ಲ. ಕರುಣೆ ಒಳ್ಳೆಯದೇ, ಆದರೆ ಮೀಟರಿಗೆ ಅದು ಗೊತ್ತಾಗುವುದಿಲ್ಲ.

ಹೆಡ್‌ಫೋನು ತೊಡಿಸಿ, ಬಾಗಿಲು ಹಾಕಿ ಬಂದು ಕೂತು, ಕೈ ಎತ್ತಿ ಶುರುಮಾಡಿ ಎಂದು ಸನ್ನೆ ಮಾಡಿದೆ.

ಅಕ್ಕಿಯ ತಟ್ಟೆ ಕೈಯಾಗೆ ಹಿಡಕೊಂಡು
ಹೆತ್ತೋಳು ಕರೆದಾಳು ಹಸೆಗೆ ಬಾ ಮಗಳೆ

ಇಷ್ಟು ಹಾಡಿ ನಿಲ್ಲಿಸಿಬಿಟ್ಟರು. ಮೀಟರಿನ ದೀಪಗಳು ಒಂದೊಂದಾಗಿ ಆರಿ ತಳಕ್ಕಿಳಿದವು. ಒಂದು ಕ್ಷಣ, ಎರಡು, ಮೂರು. ಪಾಪ, ಮರೆತಿರಬೇಕು ಎಂದುಕೊಂಡು ನಾನು ಟಾಕ್‌ಬ್ಯಾಕ್ ಒತ್ತಿ, "ಅಮ್ಮಾ, ಮುಂದಿನ ಸಾಲು ಹಾಡಿ!" ಎಂದೆ.

ಅಮ್ಮ ಜೇನು ಕಚ್ಚಿದವರ ಹಾಗೆ ಬೆಚ್ಚಿಬಿದ್ದು ಹೆಡ್‌ಫೋನನ್ನು ಕಿತ್ತರು. ಅದು ಮೈಕಿಗೆ ಬಡಿಯಿತು. ಹಿಂದಿನ ದಿನ ತಮಟೆಯವರು ಬಂದಿದ್ದರು. ಆ ಸದ್ದಿನ ನಡುವೆಯೂ ನನ್ನ ಮಾತು ಕೇಳಲೆಂದು ಟಾಕ್‌ಬ್ಯಾಕಿನ ಮಟ್ಟವನ್ನು ತುದಿಗೆ ಏರಿಸಿದ್ದೆ. ಇಳಿಸಲು ಮರೆತಿದ್ದೆ. ಎಪ್ಪತ್ತರ ಹತ್ತಿರದ ಹೆಂಗಸಿನ ಕಿವಿಯಲ್ಲಿ ತಮಟೆಯವರಿಗೆ ಕೂಗುವ ಹಾಗೆ ಕೂಗಿದ್ದೆ.

ನಾನು ಒಳಗೆ ಓಡಿ ಕ್ಷಮೆ ಕೇಳಿ ಬರುವಷ್ಟರಲ್ಲಿ ಬೆಂಚಿನ ಮೇಲಿದ್ದ ಯಜಮಾನರು ತಲೆ ಅಲ್ಲಾಡಿಸುತ್ತಿದ್ದರು.

"ಅವಳು ಮರ್ತಿಲ್ಲಮ್ಮಾ. ಅದು ಎಂಗಸ್ರು ಸೊಲ್ಲು ಎತ್ತೋ ಜಾಗ. ಇವಳು ಒಂದು ಏಳ್ತಾಳೆ, ಸುತ್ತ ಇರೋರು ಸೋಬಾನೆ ಅಂತಾರೆ. ಅವರು ಅನ್ನೋಗಂಟ ಇವಳು ಬಾಯಿ ಬಿಡಲ್ಲ."

"ಇಲ್ಲಿ ಸುತ್ತ ಯಾರೂ ಇಲ್ಲವಲ್ಲಪ್ಪಾ?"

"ಇಲ್ದಿದ್ರೇನು? ಜಾಗ ಐತಲ್ಲ."

ಆ ಮಾತು ನನಗೆ ಆಗ ತಲೆಗೆ ಹೋಗಲಿಲ್ಲ. ಒಂದು ಸಲ ಹಾಳಾಯಿತು, ಇನ್ನು ಮೂರು ಉಳಿದವು ಎಂಬ ಲೆಕ್ಕವೇ ತಲೆಯಲ್ಲಿತ್ತು. ಟಾಕ್‌ಬ್ಯಾಕನ್ನು ಕಾಲು ಭಾಗಕ್ಕೆ ಇಳಿಸಿ, ಈ ಸಲ ಮೆಲ್ಲಗೆ ಹೇಳಿದೆ. "ಅಮ್ಮಾ, ನೀವು ನಡುವೆ ನಿಲ್ಲಿಸಬೇಡಿ. ಸಾಲಿನ ಮೇಲೆ ಸಾಲು ಹಾಡಿಕೊಂಡು ಹೋಗಿ. ಬಿಡುವು ಎಲ್ಲೆಲ್ಲಿ ಬೇಕೋ ಅಲ್ಲಿ ನಾನು ಕಂಪ್ಯೂಟರಿನಲ್ಲಿ ಹಾಕಿಕೊಡ್ತೀನಿ." ಬೇಗ ಮುಗಿದರೆ ಗಂಟಲಿಗೂ ಒಳ್ಳೆಯದು ಎಂಬುದು ನನ್ನ ವಾದ. ಅಮ್ಮ ತಲೆಯಾಡಿಸಿದರು.

ಎರಡನೆಯ ಸಲ ಮೂರನೇ ನುಡಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಸಾಲು ತಪ್ಪಿತು. ಕೆಮ್ಮು ಬಂತು. ಗಂಟಲ ಮೇಲೆ ಕೈಯಿಟ್ಟುಕೊಂಡು, ಮೈಕಿನ ಹತ್ತಿರ ಬಂದು, ತಪ್ಪು ಮಾಡಿದ ಮಗುವಿನ ದನಿಯಲ್ಲಿ ಹೇಳಿದರು. "ಉಸುರು ಸಿಗ್ತಿಲ್ಲ ಕಣಮ್ಮಾ. ಅವರು ಸೋಬಾನೆ ಅನ್ನೋವಾಗ್ಲೇ ನಾನು ಉಸುರು ತಕೊಳ್ಳೋದು. ಮುಂದಿಂದು ನೆಪ್ಪಿಗೆ ಬರೋದೂ ಆವಾಗ್ಲೇ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಕುಣಿಯಬಲ್ಲವಳ ಕಾಲ ಕೆಳಗಿನ ನೆಲವನ್ನೇ ಎಳೆದಿದ್ದೆ. ಹಾಡಿನ ಆ ಖಾಲಿ ಜಾಗ ಅವರಿಗೆ ಉಸಿರಿನ ಜಾಗ, ನೆನಪಿನ ಜಾಗ. ನನಗೆ ಅದು ಮೀಟರಿನ ತಳ ಮಾತ್ರವಾಗಿ ಕಂಡಿತ್ತು.

ಹತ್ತು ನಿಮಿಷ ಬಿಟ್ಟೆವು. ಮೂರನೆಯ ಸಲ ನಾನು ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅಮ್ಮ ಎರಡು ಸಾಲು ಹಾಡುವರು, ನಿಲ್ಲಿಸುವರು. ನಿಲ್ಲಿಸಿದಾಗ ಕತ್ತು ಎಡಕ್ಕೆ ತಿರುಗುವುದು, ಬಲಕ್ಕೆ ತಿರುಗುವುದು. ಯಾರದೋ ಸೊಲ್ಲಿಗೆ ತಲೆದೂಗುವರು. ಮತ್ತೆ ಎತ್ತಿಕೊಳ್ಳುವರು. "ಬಾ ಮಗಳೆ" ಎನ್ನುವ ಕಡೆ ದನಿ ಕೋಣೆ ದಾಟಿ, ಅಂಗಳ ದಾಟಿ, ಒಳಮನೆಯವರೆಗೆ ಹೋಗಬೇಕಾದ ಎತ್ತರಕ್ಕೆ ಏರುತ್ತಿತ್ತು. ಆ ವಯಸ್ಸು, ಆ ಗಡ್ಡೆ, ಆ ದನಿ! ನನ್ನ ಕಣ್ಣು ತುಂಬಿತು. ಮೀಟರು ಹಸಿರಿನಲ್ಲೇ ಆಡುತ್ತಿತ್ತು. ಮುಗಿದಾಗ ನಾನು ಎದ್ದು ನಿಂತು ಗಾಜಿನ ಈಚೆಯಿಂದ ಕೈಮುಗಿದೆ. ಅಮ್ಮ ನಕ್ಕರು.

ಆಮೇಲೆ ನನ್ನ ಹೆಡ್‌ಫೋನಿನಲ್ಲಿ ವಾಪಸ್ ಹಾಕಿ ಕೇಳಿದೆ. ಮೊದಲ "ಬಾ ಮಗಳೆ" ಬಂದಾಗಲೇ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದೆ. ದನಿ ಹರಿದಿತ್ತು. ಎತ್ತರಕ್ಕೆ ಏರಿದ ಪ್ರತಿ ಜಾಗದಲ್ಲೂ ಹಳೇ ಬಟ್ಟೆ ಹರಿದ ಹಾಗೆ ಪರಪರ. ಮೀಟರು ಒಮ್ಮೆಯೂ ಕೆಂಪಿಗೆ ಹೋಗಿರಲಿಲ್ಲವಲ್ಲ ಎಂದು ಮಿಕ್ಸರಿನ ಮೇಲೆ ಬಗ್ಗಿದೆ. ದೊಡ್ಡ ಮೀಟರು ತೋರಿಸುವುದು ಫೇಡರ್ ಎಂಬ, ಸದ್ದು ಏರಿಸಿ ಇಳಿಸುವ ಜಾರುಗುಂಡಿಯನ್ನು ದಾಟಿ ಬಂದ ಸದ್ದನ್ನು. ಫೇಡರನ್ನು ಹಿಂದಿನ ದಿನದಿಂದ ಕೆಳಗೇ ಬಿಟ್ಟಿದ್ದೆ. ರೆಕಾರ್ಡಿಂಗಿಗೆ ಹೋಗುತ್ತಿದ್ದದ್ದು ಫೇಡರಿಗೂ ಮುಂಚಿನ ಸದ್ದು. ಅಲ್ಲಿ ದನಿ ತುಂಬಿ ಚೆಲ್ಲಿದರೆ ಎಚ್ಚರಿಸಲು ಪ್ರತಿ ಮೈಕಿಗೂ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಅದು ಹಾಡಿನುದ್ದಕ್ಕೂ ಹತ್ತಿ ಹತ್ತಿ ಆರಿರಬೇಕು. ಅದರ ಮೇಲೆ ನನ್ನ ರೈಲಿನ ಚೀಟಿ ಅಂಟಿತ್ತು.

ಮುಚ್ಚಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಮದುವೆಮನೆಯ ಸ್ಪೀಕರಿನಲ್ಲಿ, ಅಷ್ಟು ಗದ್ದಲದಲ್ಲಿ, ಯಾರಿಗೆ ಗೊತ್ತಾಗುತ್ತದೆ? ಕಂಪ್ಯೂಟರಿನಲ್ಲಿ ಅಲ್ಪಸ್ವಲ್ಪ ತೇಪೆ ಹಾಕಬಹುದು. ಆದರೆ ಹರಿದದ್ದು ಕರೆಯುವ ಜಾಗದಲ್ಲೇ. ಮಗಳು ಅದನ್ನು ಮತ್ತೆ ಮತ್ತೆ ಕೇಳುವವಳು. ಇನ್ನೊಂದು ಸಲ ಉಳಿದಿದೆ ಎಂದು ಗಟ್ಟಿಮನಸ್ಸು ಮಾಡಿ ಟಾಕ್‌ಬ್ಯಾಕ್ ಒತ್ತಿದೆ. ಆದರೆ ಬಾಯಿಂದ ಬಂದದ್ದು ಅರ್ಧ ಮಾತು.

"ಅಮ್ಮಾ, ಇನ್ನೊಂದು ಸಲ ಹಾಡಿಬಿಡ್ತೀರಾ?"

ಗುಂಡಿ ಬಿಟ್ಟೆ. ಗಾಜಿನ ಆಚೆ ಅಮ್ಮನ ನಗು ಇಳಿಯಿತು. ಕೈ ತಾನಾಗಿ ಗಂಟಲಿಗೆ ಹೋಯಿತು. ಗಡ್ಡೆಯ ಮೇಲೆ ಬೆರಳಾಡಿಸಿಕೊಂಡು ನೆಲ ನೋಡುತ್ತಾ ಕೂತರು.

"ಇಂಗೆ ಮಾಡಬಾರದು ಕಣಮ್ಮಾ," ಎಂದರು ಹಿಂದಿನಿಂದ ಯಜಮಾನರು. ಬೈಗುಳದ ದನಿಯಲ್ಲ, ಅದಕ್ಕೇ ಹೆಚ್ಚು ತಾಗಿತು. "ನಾನು ಗಣಿ ಮುಚ್ಚೋಗಂಟ ಶಾಫ್ಟ್ ಬಾಯಾಗೆ ಗಂಟೆ ಒಡ್ದೋನು. ಜನ ಇಳಿಯೋ ಹತ್ತೋ ಕೇಜು ಇರ್ತದಲ್ಲ, ಅದುಕ್ಕೆ. ಒಂದು ಒಡುದ್ರೆ ನಿಲ್ಸು ಅಂತ. ಮೂರು ಒಡುದ್ರೆ ಒಳಗೆ ಮನುಸ್ರು ಅವ್ರೆ ಅಂತ. ನಾನು ಮೂರು ಒಡುದ್ರೆ ಇಂಜಿನ್ ಮನೆಯೋನು ಅದೇ ಮೂರು ವಾಪಸ್ ಒಡೀಬೇಕು. ಅದು ಬರೋಗಂಟ ಕೇಜು ಅಲ್ಲಾಡಂಗಿಲ್ಲ. ನೀನು ಗಂಟೆ ಒಡೀತೀಯ, ಜವಾಬು ಬಂತಾ ಇಲ್ವಾ ನೋಡಲ್ಲ."

ನಾನು ಅವರ ಕಡೆ ತಿರುಗಿದೆ.

"ಕೇಜು ಅರ್ಧದಾಗೆ ನಿಂತೋದ್ರೆ ಒಳಗಿರೋರು ಏನಂದ್ಕೊಳ್ತಾರೆ ಗೊತ್ತಾ? ಹಗ್ಗ ಓಯ್ತು ಅಂದ್ಕೊಳ್ತಾರೆ. ಮೇಲೆ ಕರೆಂಟು ಓಗಿರ್ತದೆ ಅಷ್ಟೇ. ಅದುನ್ನ ಏಳಿ ಕಳುಸ್ಬೇಕು. ಈಗ ಅವಳು ಏನಂದ್ಕೊಂಡವ್ಳೆ ನೋಡು, ತನ್ ಗಂಟ್ಲು ಓಯ್ತು ಅಂತ."

ಗುಂಡಿ ಒತ್ತಿ ಎಲ್ಲವನ್ನೂ ಹೇಳಿದೆ. ಹಾಡು ಬಹಳ ಚೆನ್ನಾಗಿ ಬಂದಿತ್ತು ಅಮ್ಮಾ, ನಾನು ಕೆಡಿಸಿದೆ, ನೋಡಬೇಕಾದ ದೀಪದ ಮೇಲೆ ನಾನೇ ಚೀಟಿ ಅಂಟಿಸಿಕೊಂಡಿದ್ದೆ, ನಿಮ್ಮ ಗಂಟಲಿನದು ಏನೂ ತಪ್ಪಿಲ್ಲ. ಈ ಸಲ ಗುಂಡಿ ಬಿಟ್ಟು ಕಾದೆ.

"ಗಂಟ್ಲು ಸಂದಾಗಿತ್ತಾ?" ಮೈಕಿನಿಂದ ಅಮ್ಮನ ದನಿ ಬಂತು.

"ತುಂಬಾ ಚೆನ್ನಾಗಿತ್ತಮ್ಮಾ."

"ಅಂಗಾದ್ರೆ ಸರಿ ಬುಡು. ಯಂತ್ರ ಅಂದ್ಮೇಲೆ ಕೆಡ್ತದೆ." ಯಂತ್ರ ಕೆಟ್ಟಿರಲಿಲ್ಲ, ನಾನು ಕೆಟ್ಟಿದ್ದೆ. ಅವರಿಗೂ ಅದು ಗೊತ್ತಿತ್ತು. ಹೇಳಲಿಲ್ಲ. ಆ ದೊಡ್ಡತನಕ್ಕೆ ನಾನು ಇವತ್ತಿಗೂ ಋಣಿ.

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ಅದಕ್ಕೆ ವೇಳೆಯಿಲ್ಲ, ಚೀಟಿಯಿಲ್ಲ. ಬಂದದ್ದು ಹಿಂದೆಯೇ ನಿಂತಿತು, ಮತ್ತೆ ಹೊರಟಿತು, ಮತ್ತೆ ನಿಂತಿತು. ಬೇರೆ ದಿನವಾಗಿದ್ದರೆ ಶಾಪ ಹಾಕುತ್ತಿದ್ದೆ. ಅವತ್ತು ಅಮ್ಮನ ಗಂಟಲಿಗೆ ಸಿಕ್ಕ ಬಿಡುವು ಅದು. ಅವರು ಫ್ಲಾಸ್ಕಿನ ಬಿಸಿನೀರು ಗುಟುಕು ಗುಟುಕಾಗಿ ಕುಡಿದರು. ನಾನು ಚೀಟಿ ಕಿತ್ತು, ಗೇನ್ ಇಳಿಸಿ, ಫೇಡರನ್ನು ಗುರುತಿಗೆ ತಂದು, ಎಲ್ಲ ನಾಬುಗಳನ್ನೂ ಹೊಸದಾಗಿ ನೋಡಿಕೊಂಡು ಬಂದೆ. ಹಾಗೆ ನೋಡುತ್ತಾ ಟಾಕ್‌ಬ್ಯಾಕ್ ಗುಂಡಿಯ ಮೇಲೆ ಬೆರಳು ನಿಂತಾಗ ಯಜಮಾನರ ಮಾತು ನೆನಪಾಯಿತು. ಜಾಗ ಐತಲ್ಲ.

ಈ ಗುಂಡಿಯಿಂದ ಹೋಗುವ ದನಿ ಅಮ್ಮನ ಕಿವಿಗೆ ಮಾತ್ರ ಹೋಗುತ್ತದೆ. ರೆಕಾರ್ಡಿಂಗಿನಲ್ಲಿ ಜಾಗ ಖಾಲಿಯಾಗೇ ಉಳಿಯುತ್ತದೆ, ಮದುವೆಯ ದಿನ ಹೆಂಗಸರು ತುಂಬಲು. ಅಮ್ಮನಿಗೆ ಈಗ ಬೇಕಾದ ಸೊಲ್ಲು ಇಲ್ಲಿಂದಲೇ ಹೋಗಬಹುದು. ಇಷ್ಟು ಹೊತ್ತು ಅವರನ್ನು ತಡೆಯಲು ಒತ್ತುತ್ತಿದ್ದ ಗುಂಡಿ!

"ಅಪ್ಪಾ, ನೀವು ಇಲ್ಲಿ ಕೂತು ಸೋಬಾನೆ ಅನ್ನಿ," ಎಂದೆ.

ಯಜಮಾನರು ಬೆಂಚಿನಿಂದಲೇ ಎದ್ದುಬಿಟ್ಟರು. "ಗಂಡ್ಸು ಸೋಬಾನೆ ಅನ್ನೋದಾ? ಊರಾಗೆ ಕೇಳುದ್ರೆ ನಗಾಡ್ತಾರೆ. ನೀನು ಎಂಗ್ಸಲ್ವಾ, ನೀನು ಅನ್ನು."

ಸರಿ. ನಾನು ಬರಿಯ ಬಾಯಿ ಆಡಿಸಿ ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಆದರೆ ಹಾಡು ಕೇಳಿಕೊಂಡು, ಸರಿಯಾದ ಜಾಗಕ್ಕೆ ಗುಂಡಿ ಒತ್ತಿ ಸೊಲ್ಲು ಎತ್ತಿ, ಬಿಡಬೇಕಾದಾಗ ಬಿಡುತ್ತಾ, ಜೊತೆಗೆ ಕೆಂಪು ದೀಪವನ್ನೂ ಕಾಯುವುದು ನನ್ನೊಬ್ಬಳಿಂದ ಆಗದು. ಯಜಮಾನರನ್ನು ನನ್ನ ಪಕ್ಕದ ಕುರ್ಚಿಗೆ ಕರೆದೆ. ಚೀಟಿ ಕಿತ್ತ ಜಾಗದ ಆ ಪುಟ್ಟ ದೀಪ ತೋರಿಸಿ, ಇದು ಒಂದು ಸಲ ಮಿಣುಕಿದರೂ ಬೆರಳೆತ್ತಿ ಎಂದೆ.

ಕುರ್ಚಿ ಎಳೆದುಕೊಂಡು ಕೂತ ರೀತಿಯಲ್ಲೇ ಅವರು ಬೇರೆ ಮನುಷ್ಯರಾಗಿದ್ದರು. ಬೆನ್ನು ನೆಟ್ಟಗಾಯಿತು. "ದೀಪ ನೋಡೋದು ನನಗೆ ಬುಡಮ್ಮಾ. ಪಾಳಿ ಬದ್ಲಾಯ್ಸೋನು ಬಂದು ಪಕ್ಕ ನಿಂತು 'ನಾನಿವ್ನಿ' ಅನ್ನೋಗಂಟ ಕಣ್ಣು ತೆಗೆಯಲ್ಲ ನಾವು."

ಮೊದಲು ಬರಿಯ ಸೊಲ್ಲನ್ನು ಅಭ್ಯಾಸ ಮಾಡಿದೆವು. ಅಮ್ಮ ಹಾಡುವಂತಿಲ್ಲ, ಗಂಟಲು ಉಳಿಯಬೇಕು. ನಾನು ಗುಂಡಿ ಒತ್ತಿ "ಸೋಬಾನೆ" ಎಂದೆ. ಅಂಗೈ ಮೇಲೆ ಮಾಡಿದರೆ ಸದ್ದು ಏರಿಸು, ಕೆಳಗೆ ಮಾಡಿದರೆ ಇಳಿಸು ಎಂದು ಒಪ್ಪಂದ. ಅಮ್ಮ ಅಂಗೈ ಕೆಳಗೆ ಮಾಡಿದರು, ಇನ್ನೂ ಕೆಳಗೆ ಮಾಡಿದರು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು.

"ನಲವತ್ತು ವರ್ಸದಾಗೆ ಇಂತಾ ಸೊಲ್ಲು ಕೇಳಿರ್ನಿಲ್ಲ ಕಣವ್ವಾ! ಎಮ್ಮೆ ಕರಾ ಕಳ್ಕೊಂಡಂಗೈತೆ."

"ಅಮ್ಮಾ, ಬೇಡವಾ ಹಾಗಾದರೆ?"

"ಇರ್ಲಿ ಬುಡು. ಪ್ರತಿ ಮದ್ವೇಲೂ ಅಂತೋಳು ಒಬ್ಬಳು ಇದ್ದೇ ಇರ್ತಾಳೆ."

ನನ್ನ ದನಿ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬೀಳದಷ್ಟು ಇಳಿಸಿ, ಅವರ ಕಿವಿಗೆ ಸಾಕಾಗುವಷ್ಟು ಉಳಿಸಿಕೊಂಡೆ. ಮೀಟರಿನಲ್ಲಿ ನೋಡಿದೆ. ನಾನು ಸೊಲ್ಲು ಎತ್ತಿದಾಗ ತಳದ ದೀಪವೂ ಹತ್ತಲಿಲ್ಲ.

ಗೂಡ್ಸ್ ಗಾಡಿ ಹೋಯಿತು. ನೆಲದ ಅದುರು ನಿಂತಿತು. ನಾನು ಶುರುಮಾಡಿ ಎಂದು ಹೇಳಲು ಗುಂಡಿ ಒತ್ತಿದೆ. ಯಜಮಾನರು ಕೈ ಅಡ್ಡ ಹಿಡಿದು, ಟಾಕ್‌ಬ್ಯಾಕ್ ಮೈಕಿನ ಪಕ್ಕ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದರು.

ಅಮ್ಮ ತಲೆಯೆತ್ತಿದರು. ಲೈನ್‌ಮನೆಯಲ್ಲಿದ್ದಾಗ ಪಾಳಿ ಮುಗಿಸಿ ಬಂದು ಇವರು ಬಾಗಿಲಿಗೆ ಮೂರು ತಟ್ಟುತ್ತಿದ್ದರಂತೆ. ಅಮ್ಮ ಒಳಗಿನಿಂದ ಬಳೆಯಲ್ಲಿ ಮೂರು ತಟ್ಟಿಯೇ ಅಗುಳಿ ತೆಗೆಯುತ್ತಿದ್ದರಂತೆ. ಇದನ್ನು ಯಜಮಾನರು ನನಗೆ ಹೇಳಿದ್ದು ಆಮೇಲೆ. ಆಗ ನಾನು ಕಂಡದ್ದು ಇಷ್ಟು: ಗಾಜಿನ ಆಚೆ ಆ ಹೆಂಗಸಿನ ಭುಜ ಇಳಿದು ಸಡಿಲವಾಯಿತು. ಕೈ ಸ್ಟೂಲಿನ ಅಂಚಿಗೆ ಹೋಯಿತು. ಬಳೆಯ ಸದ್ದು ನನ್ನ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಬಂತು. ಮೂರು.

"ಈಗ ಓಗಲಿ," ಎಂದರು ಯಜಮಾನರು, ದೀಪದಿಂದ ಕಣ್ಣು ತೆಗೆಯದೆ.

ನಾಲ್ಕನೆಯ ಸಲ. ಅಮ್ಮ ಎರಡು ಸಾಲು ಹಾಡಿದರು, ನಾನು ಗುಂಡಿ ಒತ್ತಿ ಸೋಬಾನೆ ಎಂದೆ, ಬಿಟ್ಟೆ. ಮತ್ತೆ ಎರಡು ಸಾಲು. ಮೂರನೆಯ ನುಡಿಯ ಹೊತ್ತಿಗೆ ನನ್ನ ದನಿ ಕೆಟ್ಟದ್ದು ಎಂಬುದೇ ಮರೆತುಹೋಯಿತು. ಅವರು ನನ್ನ ಸೊಲ್ಲಿನ ಮೇಲೆ ಕಾಲಿಟ್ಟು ಮೇಲಕ್ಕೆ ಹತ್ತುತ್ತಿದ್ದರು. ಕೊನೆಯ ನುಡಿಯಲ್ಲಿ "ಬಾ ಮಗಳೆ" ಎನ್ನುವಾಗ ದನಿ ಒಡೆಯಿತು. ಅರ್ಧಕ್ಕೆ ನಿಂತೇಬಿಟ್ಟಿತು. ಮೀಟರು ತಳಕ್ಕೆ ಬಿತ್ತು. ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ. ಅದು ನನ್ನ ಜಾಗವಾಗಿರಲಿಲ್ಲ. ಅಮ್ಮ ಕಣ್ಣು ಮುಚ್ಚಿ, ಉಸಿರು ಎಳೆದು, ಆ ಎರಡು ಪದವನ್ನು ಮೆಲ್ಲಗೆ, ಪಕ್ಕದಲ್ಲಿ ಕೂತವಳನ್ನು ಕರೆಯುವ ಹಾಗೆ, ಮತ್ತೆ ಹೇಳಿ ಮುಗಿಸಿದರು. ಯಜಮಾನರ ಬೆರಳು ಒಮ್ಮೆಯೂ ಮೇಲೇಳಲಿಲ್ಲ.

ಆ ಒಡಕನ್ನು ಹಾಗೇ ಬಿಟ್ಟೆ. ಕಂಪ್ಯೂಟರಿನಲ್ಲಿ ಒಂದು ಕೂದಲಷ್ಟೂ ಮುಟ್ಟಲಿಲ್ಲ.

ಅವತ್ತಿನಿಂದ ನನ್ನ ಮಿಕ್ಸರಿನ ಮೇಲೆ ಯಾವ ಚೀಟಿಯೂ ಇಲ್ಲ. ಗಾಜಿನ ಆಚೆ ಯಾರೇ ಕೂರಲಿ, ನಾನು ನಿಲ್ಲಿಸಿದರೆ ಯಾಕೆ ನಿಲ್ಲಿಸಿದೆ ಎಂದು ಹೇಳಿ, ಜವಾಬು ಬಂದ ಮೇಲೆ ಮುಂದೆ ಹೋಗುತ್ತೇನೆ. ಯಾವ ಕೈಪಿಡಿಯಲ್ಲೂ ನಾನು ಓದದ ಪಾಠ ಇದು. ಕಲಿಸಿದ ಇಬ್ಬರಿಗೆ ಮಿಕ್ಸರು ಎಂಬ ಹೆಸರೂ ಗೊತ್ತಿರಲಿಲ್ಲ.

ಮದುವೆಗೆ ನಾನೇ ಸಣ್ಣ ಮಿಕ್ಸರು, ಸ್ಪೀಕರು ಹೊತ್ತುಕೊಂಡು ಹೋದೆ. ಬೆಳಗಿನ ಬಿಸಿಲು ಚಪ್ಪರದ ಸೋಗೆಯಿಂದ ಇಳಿಯುತ್ತಿತ್ತು. ಆಪರೇಷನ್ ಚೆನ್ನಾಗಿ ಆಗಿತ್ತು, ಗಡ್ಡೆ ಕೆಟ್ಟದ್ದಲ್ಲವೆಂದು ತಿಳಿದಿತ್ತು. ದನಿ ಮಾತ್ರ ಹೋಗಿತ್ತು. ಅಮ್ಮ ಕುತ್ತಿಗೆಗೆ ಹತ್ತಿಯ ವಸ್ತ್ರ ಸುತ್ತಿಕೊಂಡು ಹಸೆಯ ಪಕ್ಕ ಕೂತಿದ್ದರು. ಮಾತೆಲ್ಲ ಉಸಿರಿನಲ್ಲಿ. ಅಂಗಳದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಈ ಸಲ ಯಾರು ಕರೆಯುವವರು ಎಂದು. ಹೊಸ ಪಂಚೆ ಉಟ್ಟ ಯಜಮಾನರು ನೇರ ಮಿಕ್ಸರಿನ ಹತ್ತಿರ ಬಂದು, ಕೇಳದೆಯೇ ನನ್ನ ಪಕ್ಕ ನಿಂತು, ಕೆಂಪು ದೀಪದ ಮೇಲೆ ಕಣ್ಣು ನೆಟ್ಟರು.

ನಾನು ಅಮ್ಮನ ಕಡೆ ನೋಡಿದೆ. ಅವರು ಅಕ್ಕಿಯ ತಟ್ಟೆ ಎತ್ತಿಕೊಂಡರು. ಬಳೆಯಲ್ಲಿ ಅದರ ಅಂಚಿಗೆ ಮೂರು ಸಲ ತಟ್ಟಿದರು. ನಾನು ಮೇಜಿಗೆ ಮೂರು ತಟ್ಟಿ, ಹಾಡು ಬಿಟ್ಟೆ.

ಆ ದನಿ ಸ್ಪೀಕರಿನಿಂದ ಹೊರಟಾಗ ಚಪ್ಪರದಲ್ಲಿ ಪಿಸುಮಾತೂ ನಿಂತಿತು. ಎರಡು ಸಾಲು ಮುಗಿದವು. ಮೀಟರು ತಳಕ್ಕಿಳಿಯಿತು. ಒಂದು ಕ್ಷಣ, ಎರಡು. ಆಗ ಮೂಲೆಯಲ್ಲಿದ್ದ ಒಬ್ಬ ಮುದುಕಿ "ಸೋಬಾನೆ" ಎಂದಳು. ಅಂಗಳವೆಲ್ಲ ಅವಳ ಹಿಂದೆ ಎತ್ತಿಕೊಂಡಿತು. ಅಷ್ಟು ದೊಡ್ಡ ಸದ್ದು, ಆದರೆ ಅಂಗಳದಲ್ಲಿ ಮೈಕಿರಲಿಲ್ಲ, ನನ್ನ ಮೀಟರಿನಲ್ಲಿ ಒಂದು ದೀಪವೂ ಹತ್ತಲಿಲ್ಲ. ಅಮ್ಮನ ತುಟಿಯೂ ಆಡುತ್ತಿತ್ತು. ನಲವತ್ತು ವರ್ಷ ಹೇಳುವವರಾಗಿದ್ದವರು ಅವತ್ತು ತಮ್ಮದೇ ಹಾಡಿಗೆ ಸೊಲ್ಲು ಎತ್ತುತ್ತಿದ್ದರು.

ಎರಡನೆಯ ನುಡಿಯ "ಬಾ ಮಗಳೆ" ಮುಗಿದು ಮತ್ತೆ ಆ ಖಾಲಿ ಜಾಗ ಬಂದಾಗ, ಹೆಂಗಸರು ಬಾಯಿ ತೆರೆಯುವ ಮೊದಲೇ ಒಳಮನೆಯಿಂದ ಮಗಳ ದನಿ ಬಂತು.

"ಬಂದೆ ಕಣಮ್ಮಾ."

ಅಗುಳಿ ಸರಿಯಿತು. ಹೆಣ್ಣು ಹೊಸ್ತಿಲು ದಾಟಿದಳು. ಎಲ್ಲರೂ ಅತ್ತ ತಿರುಗಿದರು, ಒಬ್ಬರನ್ನು ಬಿಟ್ಟು. ಯಜಮಾನರು ಇನ್ನೂ ದೀಪವನ್ನೇ ನೋಡುತ್ತಿದ್ದರು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು, ರೆಪ್ಪೆ ಮಾತ್ರ ಅಲುಗಲಿಲ್ಲ. ನಾನು ಪಕ್ಕಕ್ಕೆ ಸರಿದು ಅವರ ಭುಜಕ್ಕೆ ಭುಜ ತಾಗುವ ಹಾಗೆ ನಿಂತೆ.

"ಅಪ್ಪಾ, ನಾನಿದ್ದೀನಿ," ಎಂದೆ.

ಆಮೇಲೆ ಅವರು ತಿರುಗಿ ಮಗಳನ್ನು ನೋಡಿದರು.